ನೀರೊಳಗಿನ ಬೆವರು

ಬಾಲ್ಯದಲ್ಲಿ ಮನಸ್ಸಿಗೆ ಹತ್ತಿದ ಚಿತ್ರಕಥೆಯೊಂದು ಚಲನಚಿತ್ರವಾಗಲಿದೆಯೆಂಬ ವಾರ್ತೆ ಕಿವಿಗೆ ಬಿದ್ದಾಗ, ಅದನ್ನು ಪ್ರೀತಿಸಿದವನಿಗೆ ಮೊದಲು ಉಂಟಾಗುವುದು ಸಂತೋಷವೋ ಸಂಶಯವೋ ಎಂದು ಕೇಳಿದರೆ, ಸಂಶಯವೇ ಎಂದು ನಿಸ್ಸಂಕೋಚವಾಗಿ ಉತ್ತರಿಸಬಹುದು. ಕಥಾನಾಯಕನು ಹೇಗೆ ನಡೆಯುತ್ತಾನೆ, ಯಾವ ವೇಗದಲ್ಲಿ ಮಾತನಾಡುತ್ತಾನೆ, ಅವನ ಧ್ವನಿ ಎಳೆಯದೋ ಗಡಸೋ ಎಂಬಿವೇ ಮೊದಲಾದ ವಿಷಯಗಳನ್ನು ಚಿತ್ರಕಾರನು ಎಲ್ಲಿಯೂ ಹೇಳಿರುವುದಿಲ್ಲ. ಓದುವ ಮಗುವು ಅವನ್ನೆಲ್ಲ ತಾನೇ ನಿರ್ಣಯಿಸಿಕೊಂಡು, ನಿರ್ಣಯಿಸಿದ್ದು ತಾನೆಂಬುದನ್ನು ಮರೆತು, ಸಮಸ್ತವೂ ಪುಸ್ತಕದಲ್ಲಿಯೇ ಅಚ್ಚಾಗಿತ್ತೆಂದು ನಂಬಿ ದೊಡ್ಡದಾಗಿರುತ್ತದೆ. ಚಲನಚಿತ್ರವನ್ನು ಮಾಡುವವನು ಅಚ್ಚಾದ ಭಾಗಕ್ಕೆ ಎಷ್ಟೇ ವಿಧೇಯನಾಗಿರಲಿ, ಕೋಟಿ ಮಕ್ಕಳು ಕೋಟಿ ಬಗೆಯಾಗಿ ತುಂಬಿಕೊಂಡ ಈ ಅಚ್ಚಾಗದ ಭಾಗಕ್ಕೆ ವಿಧೇಯನಾಗಿರುವುದು ಬ್ರಹ್ಮನಿಂದಲೂ ಆಗದ ಮಾತು.

ಈ ವಿಚಾರವನ್ನು ಬೆಲ್ಜಿಯಂ ದೇಶದ ಟಿನ್‌ಟಿನ್ ಎಂಬ ಹುಡುಗನ ನಿಮಿತ್ತವಾಗಿ, ಘಟಪ್ರಭೆಯ ಸೀಮೆಯ ಮುಧೋಳದಲ್ಲಿ ನಿಂತು ಎತ್ತಿಕೊಳ್ಳುವುದು ವಿಚಿತ್ರವಾಗಿ ತೋರಬಹುದು. ಆದರೆ ಪ್ರೀತಿಪಾತ್ರವಾದ ಒಂದು ಕಥೆಯನ್ನು ಅದರ ಹಳೆಯ ಪಾತಿಯಿಂದ ಬೇರುಸಹಿತ ಎತ್ತಿ ಹೊಸ ಪಾತಿಯಲ್ಲಿ ನೆಡುವ ವಿದ್ಯೆಯಲ್ಲಿ ಈ ಸೀಮೆಗೆ ಸಾವಿರ ವರ್ಷದ ಅನುಭವವುಂಟು. ಅಷ್ಟು ಅನುಭವವಿರುವ ಸೀಮೆಯವರು ಹಾಲಿವುಡ್ಡಿನ ಕೆಲಸವನ್ನು ತೂಗಿ ನೋಡಲು ಯಾರ ಅಪ್ಪಣೆಯನ್ನೂ ಬೇಡಬೇಕಾಗಿಲ್ಲ.

ಟಿನ್‌ಟಿನ್ ಹುಟ್ಟಿದ್ದು 1929 ರ ಜನವರಿ 10 ರಂದು, ಬ್ರಸೆಲ್ಸ್ ನಗರದ ದಿನಪತ್ರಿಕೆಯೊಂದು ಪ್ರತಿ ಗುರುವಾರ ಮಕ್ಕಳಿಗಾಗಿ ಹೊರಡಿಸುತ್ತಿದ್ದ ಪುರವಣಿಯಲ್ಲಿ. ಜನಕನು ಜಾರ್ಜ್ ರೆಮಿ. ತನ್ನ ಹೆಸರಿನ ಎರಡು ಮೊದಲಕ್ಷರಗಳನ್ನು ತಿರುವುಮುರುವು ಮಾಡಿ ‘ಎರ್ಜೆ’ ಎಂದು ಸಹಿ ಮಾಡುತ್ತಿದ್ದ ಆತನಿಗೆ ಆಗ ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ನೆತ್ತಿಯ ಮೇಲೆ ನಿಮಿರಿ ನಿಂತ ಒಂದು ಕುಚ್ಚು ಕೂದಲು, ಮೊಳಕಾಲಿನ ಕೆಳಗೆ ಬಿಗಿದ ಷರಾಯಿ, ಪಕ್ಕದಲ್ಲಿ ಸ್ನೋಯಿ ಎಂಬ ಬಿಳಿಯ ನಾಯಿ, ಇವಿಷ್ಟರಿಂದ ಆರಂಭವಾದ ಸಂಸಾರಕ್ಕೆ ಮುಂದೆ ಬೈಗುಳದಲ್ಲಿ ಅದ್ವಿತೀಯನಾದ ಹ್ಯಾಡಕ್ ಎಂಬ ಹಡಗಿನ ಕಪ್ತಾನನೂ, ಕಿವಿ ಕೇಳದ ವಿಜ್ಞಾನಿಯೊಬ್ಬನೂ, ಒಂದೇ ಅಚ್ಚಿನ ಇಬ್ಬರು ಪತ್ತೇದಾರರೂ ಬಂದು ಸೇರಿದರು. ಕೊನೆಯದು ಅಪೂರ್ಣವಾಗಿ ಉಳಿದು, ಒಟ್ಟು 24 ಪುಸ್ತಕಗಳಾದುವು. ಎರ್ಜೆಯ ರೇಖೆಯನ್ನು ರಸಿಕರು ‘ಸ್ವಚ್ಛ ರೇಖೆ’ಯೆಂದು ಕರೆಯುವುದುಂಟು. ನೆರಳಿಲ್ಲ, ಗೀಚಿಲ್ಲ, ಬೆಟ್ಟಕ್ಕೂ ಬೆರಳಿಗೂ ಒಂದೇ ದಪ್ಪದ ಗೆರೆ, ನಾಯಕನ ಮುಖದಲ್ಲಿ ಕಣ್ಣೆಂದರೆ ಎರಡು ಚುಕ್ಕೆ. ಹಿನ್ನೆಲೆಯ ಮೋಟಾರುಗಾಡಿಯನ್ನೂ ವಿಮಾನವನ್ನೂ ಅಳತೆ ತಪ್ಪದಂತೆ ಬರೆದ ಈ ಮಹಾಶಯನು ನಾಯಕನ ಮುಖವನ್ನು ಮಾತ್ರ ಬಹುಮಟ್ಟಿಗೆ ಖಾಲಿ ಬಿಟ್ಟನು. ಆ ಖಾಲಿಯಲ್ಲಿ ಓದುಗನು ತನ್ನ ಮುಖವನ್ನಿಟ್ಟುಕೊಂಡನು.

ಈ ಖಾಲಿಯ ಮೇಲೆ ಕಣ್ಣು ಹಾಕಿದ ಚಲನಚಿತ್ರಕಾರರು ಹಲವರು. 1947 ರಲ್ಲಿಯೇ ಬೆಲ್ಜಿಯಂನಲ್ಲಿ ಗೊಂಬೆಗಳನ್ನು ಒಂದೊಂದು ಚಿತ್ರಕ್ಕೆ ಒಂದಿಷ್ಟೊಂದಿಷ್ಟೇ ಸರಿಸಿ ತೆಗೆದ ಚಿತ್ರವೊಂದು ಬಂದಿತ್ತು. 1969 ರಲ್ಲಿಯೂ 1972 ರಲ್ಲಿಯೂ ಕೈಯಿಂದ ಬರೆದ ಅನಿಮೇಷನ್ ಚಿತ್ರಗಳು ಬಂದುವು. 90 ರ ದಶಕದ ಆರಂಭದಲ್ಲಿ ಬಂದ ದೂರದರ್ಶನ ಮಾಲೆಯನ್ನು ನಮ್ಮಲ್ಲಿಯೂ ಅನೇಕರು ನೋಡಿದ್ದಾರೆ. ಇವೆಲ್ಲಕ್ಕಿಂತ ದೊಡ್ಡ ಸಾಹಸವನ್ನು ಮಾಡಿದವನು ಸ್ಟೀವನ್ ಸ್ಪೀಲ್‌ಬರ್ಗ್. 1981 ರಲ್ಲಿ ತನ್ನ ಸಾಹಸಚಿತ್ರವೊಂದನ್ನು ಐರೋಪ್ಯ ವಿಮರ್ಶಕರು ಟಿನ್‌ಟಿನ್‌ಗೆ ಹೋಲಿಸಿದ್ದನ್ನು ಕಂಡು, ಯಾರೀ ಟಿನ್‌ಟಿನ್ ಎಂದು ಪುಸ್ತಕ ತರಿಸಿ ನೋಡಿದ ಈತನ ಮನಸ್ಸು ಅಲ್ಲಿಯೇ ನೆಟ್ಟಿತು. ಆದರೆ 1983 ರ ಮಾರ್ಚ್ ತಿಂಗಳಲ್ಲಿ ಎರ್ಜೆ ತೀರಿಕೊಂಡನು, ಚಿತ್ರವು ತೆರೆಗೆ ಬಂದದ್ದು 2011 ರಲ್ಲಿ. ಅಕ್ಟೋಬರ್ 22 ರಂದು ಬ್ರಸೆಲ್ಸ್‌ನಲ್ಲಿ ಪ್ರಥಮ ಪ್ರದರ್ಶನವಾಯಿತು; ಅಮೆರಿಕದವರು ಡಿಸೆಂಬರಿನವರೆಗೆ ಕಾದಿರಲು, ಭಾರತದವರಿಗೆ ನವೆಂಬರಿನಲ್ಲಿಯೇ ಅದನ್ನು ನೋಡುವ ಭಾಗ್ಯ ದೊರೆಯಿತು.

ಈ ಚಿತ್ರವು ಅನಿಮೇಷನ್ ಆದದ್ದರ ಹಿಂದೆ ಒಂದು ನಾಯಿಯ ಕೈವಾಡವಿದೆ. ನಟರನ್ನೇ ಇಟ್ಟು ಚಿತ್ರ ತೆಗೆದು, ಸ್ನೋಯಿಯೊಂದನ್ನು ಮಾತ್ರ ಗಣಕಯಂತ್ರದಲ್ಲಿ ಸೃಷ್ಟಿಸಬೇಕೆಂಬುದು ಸ್ಪೀಲ್‌ಬರ್ಗನ ಮೊದಲ ಆಲೋಚನೆಯಾಗಿದ್ದಿತು. ನಾಯಿಯನ್ನು ಮಾಡಿಕೊಡಿರೆಂದು ಆತನು ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ನನ ವೇಟಾ ಸಂಸ್ಥೆಯನ್ನು ಕೇಳಿದಾಗ, ನಾಯಿಯಂತೆಯೇ ಮನುಷ್ಯರನ್ನೂ ಸಮಗ್ರ ಪ್ರಪಂಚವನ್ನೂ ಗಣಕದಲ್ಲಿಯೇ ಕಟ್ಟುವುದು ಲೇಸೆಂಬ ಸಲಹೆ ಅಲ್ಲಿಂದ ಬಂದಿತು. ಪರೀಕ್ಷೆಗಾಗಿ ಜಾಕ್ಸನ್ ತಾನೇ ಕಪ್ತಾನನ ವೇಷ ಹಾಕಿ ನಿಂತನಂತೆ. ಒಂದು ದೇಶದ ಅಚ್ಚುಮೆಚ್ಚಿನ ಪುಸ್ತಕದ ಭವಿಷ್ಯವನ್ನು ನಾಯಿಯೊಂದು ತೀರ್ಮಾನಿಸಿತೆಂಬ ಸಂಗತಿ ಬೇರೆಡೆ ತಮಾಷೆಯಾಗಿ ಕಾಣಬಹುದಾದರೂ, ಮುಧೋಳದವರಿಗೆ ಹಾಗೆ ಕಾಣಲಾರದು. ನಾಯಿಯ ಹೆಸರಿನಿಂದಲೇ ಜಗತ್ತಿಗೆ ಪರಿಚಿತವಾದ ಊರು ಅದು. ಘೋರ್ಪಡೆ ಅರಸರು ಪೋಷಿಸಿ ಬೆಳೆಸಿದ, ಅವರು ಐದನೆಯ ಜಾರ್ಜ್ ದೊರೆಗೂ ಕಾಣಿಕೆಯಾಗಿ ಕೊಟ್ಟ, 2005 ರಲ್ಲಿ ಅಂಚೆಚೀಟಿಯ ಮೇಲೆ ಏರಿದ ಮುಧೋಳ ನಾಯಿಯ ಆ ಸಪೂರ ಸೊಂಟ, ಉದ್ದ ಮೂತಿ, ಬಿಲ್ಲಿನಂತಹ ಬೆನ್ನು, ಇವನ್ನು ಎರ್ಜೆ ಕಂಡಿದ್ದರೆ ಅವನ ಸ್ವಚ್ಛ ರೇಖೆ ಎಷ್ಟು ಹಿಗ್ಗುತ್ತಿತ್ತೆಂದು ನನಗೆ ಅನೇಕ ವೇಳೆ ಅನಿಸಿದ್ದುಂಟು. ಇದು ಪ್ರಾದೇಶಿಕ ಅಭಿಮಾನದ ಮಾತು, ಬಿಟ್ಟುಬಿಡೋಣ.

ವೇಟಾದವರ ಕ್ರಮವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಜೇಮೀ ಬೆಲ್, ಆ್ಯಂಡಿ ಸರ್ಕಿಸ್ ಮೊದಲಾದ ನಟರು ಮೈಗಂಟಿದ ಉಡುಪಿನ ಮೇಲೆ ಗುರುತುಚುಕ್ಕೆಗಳನ್ನು ಧರಿಸಿ, ತಲೆಗೆ ಕಟ್ಟಿದ ಸಣ್ಣ ಕ್ಯಾಮೆರಾವು ಮುಖದ ಪ್ರತಿಯೊಂದು ಸ್ನಾಯುವಿನ ಚಲನೆಯನ್ನು ಹಿಡಿಯುತ್ತಿರಲು, ಬರಿದಾದ ಅಂಗಳದಲ್ಲಿ ಅಭಿನಯಿಸುತ್ತಾರೆ. ಆ ಚಲನೆಯನ್ನು ಗಣಕವು ಸಂಖ್ಯೆಗಳಾಗಿ ದಾಖಲಿಸುತ್ತದೆ. ಕಲಾವಿದರು ಆ ಸಂಖ್ಯೆಗಳಿಗೆ ಎಲುಬು, ಮಾಂಸ, ಚರ್ಮ, ಕೂದಲುಗಳನ್ನು ತೊಡಿಸುತ್ತಾರೆ. ಫಲವಾಗಿ ಟಿನ್‌ಟಿನ್‌ನ ಕೆನ್ನೆಯ ಮೇಲೆ ರೋಮರಂಧ್ರಗಳು ಕಾಣುತ್ತವೆ, ಕಪ್ತಾನನ ಮೂಗಿನ ಮೇಲೆ ಕೆಂಪು ನರಗಳು ಕಾಣುತ್ತವೆ. ಇಷ್ಟು ಮಾಡಬಲ್ಲವರಾದರೆಂಬ ಬೆರಗಿನೊಡನೆಯೇ, ಇಷ್ಟನ್ನು ಏಕೆ ಮಾಡಿದರೆಂಬ ಖೇದವೂ ಹುಟ್ಟುತ್ತದೆ. ಎರಡು ಚುಕ್ಕೆಗಳ ಮುಖದಲ್ಲಿ ಇಂಡಿ ತಾಲ್ಲೂಕಿನ ಹುಡುಗನೂ ಇರಬಹುದಾಗಿತ್ತು. ರೋಮರಂಧ್ರವಿರುವ ಮುಖದಲ್ಲಿ ಒಬ್ಬ ನಿರ್ದಿಷ್ಟ ಬಿಳಿಯ ಹುಡುಗನು ಮಾತ್ರ ಇರಬಲ್ಲನು.

ಸ್ಪೀಲ್‌ಬರ್ಗನಿಗೆ ಇದು ತಿಳಿಯದೆ ಇರಲಿಲ್ಲ. ಚಿತ್ರದ ಆರಂಭದಲ್ಲಿಯೇ, ಹಳೆಯ ಸಾಮಾನಿನ ಸಂತೆಯಲ್ಲಿ ಬೀದಿಬದಿಯ ಚಿತ್ರಕಾರನೊಬ್ಬನು ಗಿರಾಕಿಯೊಬ್ಬನ ಭಾವಚಿತ್ರವನ್ನು ಬರೆಯುತ್ತಿರುತ್ತಾನೆ; ಚಿತ್ರಕಾರನ ಮುಖ ಎರ್ಜೆಯದು; ಬರೆದು ಮುಗಿಸಿ ತಿರುಗಿಸಿ ತೋರಿಸಿದ ಕಾಗದದ ಮೇಲಿರುವುದು ಪುಸ್ತಕದ ಟಿನ್‌ಟಿನ್, ಆ ಎರಡು ಚುಕ್ಕೆಗಳೊಡನೆ. ಮೂಲಕ್ಕೆ ನಮಸ್ಕರಿಸಿ, ಇನ್ನು ಮುಂದಿನದು ನನ್ನದೆಂದು ವಿನಯದಿಂದ ಹೇಳಿಕೊಂಡ ಈ ನಾಂದಿಯು ನಮ್ಮ ಪ್ರಾಚೀನ ಕವಿಗಳು ಕಾವ್ಯಾರಂಭದಲ್ಲಿ ಪೂರ್ವಕವಿಗಳನ್ನು ಸ್ಮರಿಸುವ ಪದ್ಧತಿಗೆ ಸಮೀಪವಾದುದು.

ಇಲ್ಲಿ ರನ್ನನನ್ನು ಕರೆಯಬೇಕಾಗುತ್ತದೆ. ಬಳೆಗಾರರ ಮನೆಯಲ್ಲಿ, ಜಿನವಲ್ಲಭ ಅಬ್ಬಲಬ್ಬೆಯರ ಮಗನಾಗಿ, ಈ ಮುಧೋಳ ಸೀಮೆಯಲ್ಲಿ ಜನಿಸಿ, ಚಾಲುಕ್ಯ ಚಕ್ರವರ್ತಿಗಳ ಆಸ್ಥಾನದವರೆಗೆ ಏರಿದ ಈ ಕವಿಯ ಹೆಸರನ್ನು ಬೆಳಗಲಿ ಗ್ರಾಮವು ತನ್ನ ಹೆಸರಿನೊಡನೆ ಸೇರಿಸಿಕೊಂಡು ‘ರನ್ನ ಬೆಳಗಲಿ’ಯಾಗಿದೆ. ಅವನ ಗದಾಯುದ್ಧವು, ವಿದ್ಯಾರ್ಥಿಗಳೆಲ್ಲರೂ ಬಲ್ಲಂತೆ, ನಿರಾಧಾರವಾಗಿ ಹುಟ್ಟಿದ ಕಾವ್ಯವಲ್ಲ. ಪಂಪನು 941 ರಲ್ಲಿ ರಚಿಸಿದ ವಿಕ್ರಮಾರ್ಜುನವಿಜಯದ ಹದಿಮೂರನೆಯ ಆಶ್ವಾಸವೇ ಅದಕ್ಕೆ ಮುಖ್ಯ ಆಧಾರ. ಹದಿನಾಲ್ಕು ಆಶ್ವಾಸಗಳ ಮಹಾಕಾವ್ಯದಲ್ಲಿ ಒಂದನ್ನು ಆರಿಸಿ, ಅದನ್ನು ಹತ್ತು ಆಶ್ವಾಸಗಳಿಗೆ ಹಿಗ್ಗಿಸಿ, ಅರ್ಜುನನ ಪೀಠದಲ್ಲಿ ಭೀಮನನ್ನು ಕುಳ್ಳಿರಿಸಿ, ಉಳಿದ ಮಹಾಭಾರತವನ್ನೆಲ್ಲ ಪಾತ್ರಗಳ ನೆನಪಿನ ಮುಖಾಂತರ ಮಾತ್ರ ಒಳಕ್ಕೆ ಬಿಟ್ಟುಕೊಂಡ ಅವನ ಧೈರ್ಯವನ್ನು, ಇಂದಿನ ಚಿತ್ರಕಥೆಗಾರರು ಪಾಠವೆಂದು ಓದಬೇಕು. ತಾನು ಮುಂದಕ್ಕೆ ನಡೆಯುತ್ತಲೇ ಹಿಂದಿರುಗಿ ನೋಡುವ ಸಿಂಹದ ರೀತಿಯೆಂದು ಈ ಕ್ರಮಕ್ಕೆ ಸಿಂಹಾವಲೋಕನವೆಂಬ ಹೆಸರೂ ಸಿದ್ಧವಾಗಿದ್ದಿತು. ಎಲ್ಲರಿಗೂ ಕಥೆ ಗೊತ್ತಿತ್ತು. ಎಲ್ಲರಿಗೂ ಅದರ ಮೇಲೆ ಬಾಲ್ಯದಿಂದ ಬಂದ ಮಮತೆಯಿತ್ತು. ಮೇಲಾಗಿ ಪಂಪನಂತಹ ಕವಿ ಅದನ್ನು ಆಗಲೇ ಹೇಳಿ ಮುಗಿಸಿದ್ದನು. ಅಂತಹ ಕಡೆ ಇನ್ನೊಬ್ಬನು ಕೈಯಿಡಬೇಕಾದರೆ, ಎಲ್ಲವನ್ನೂ ಮತ್ತೆ ಹೇಳುತ್ತೇನೆಂಬ ಆಸೆಯನ್ನು ಮೊದಲು ಬಿಡಬೇಕು.

ಸ್ಪೀಲ್‌ಬರ್ಗನ ಬರಹಗಾರರು ಮೂರು ಪುಸ್ತಕಗಳನ್ನು ಹೊಲಿದು ಒಂದು ಮಾಡಿದರು: ಹ್ಯಾಡಕ್‌ನು ಮೊದಲು ಕಾಣಿಸಿಕೊಳ್ಳುವ ಚಿನ್ನದ ಏಡಿಯ ಕಥೆ, ಯೂನಿಕಾರ್ನ್ ಹಡಗಿನ ರಹಸ್ಯದ ಕಥೆ, ಮತ್ತು ಕಡಲುಗಳ್ಳ ರಕ್ಯಾಮನ ನಿಧಿಯ ಕಥೆ. ಬೆಲ್ಜಿಯಂ ದೇಶವು ಜರ್ಮನ್ ಸೈನ್ಯದ ಕೈಯಲ್ಲಿದ್ದ ವರ್ಷಗಳಲ್ಲಿ ಬರೆದ ಕಥೆಗಳಿವು. ಹೊರಗೆ ರಾಜಕೀಯವನ್ನು ಬರೆಯುವಂತಿಲ್ಲದಿದ್ದಾಗ ಎರ್ಜೆಯು ಪೂರ್ವಜರ ಹಡಗನ್ನೂ ಸಮುದ್ರದ ನಿಧಿಯನ್ನೂ ಹುಡುಕಿಕೊಂಡು ಹೋದನು. ಮೂರನ್ನು ಕೂಡಿಸಿದ ಹೊಲಿಗೆ ಅಲ್ಲಲ್ಲಿ ಜಗ್ಗುತ್ತದೆ. ಪುಸ್ತಕದಲ್ಲಿ ಅಷ್ಟೇನೂ ಮುಖ್ಯನಲ್ಲದ ಸಖರೀನನೆಂಬವನನ್ನು ಹಿಡಿದು ತಂದು ಖಳನಾಯಕನನ್ನಾಗಿ ಮಾಡಿದ್ದು ನನಗೆ ಒಪ್ಪಿಗೆಯಲ್ಲ. ಆದರೆ ಒಂದು ಭಾಗವುಂಟು. ಅದನ್ನು ನೋಡಿದಾಗ ಈ ಚಿತ್ರತಂಡದವರು ರನ್ನನನ್ನು ಓದಿರಬಹುದೇ ಎಂದು ತಮಾಷೆಗೆ ಕೇಳುವಂತಾಗುತ್ತದೆ.

ಯೂನಿಕಾರ್ನ್ ಪುಸ್ತಕದಲ್ಲಿ ಕಪ್ತಾನ ಹ್ಯಾಡಕ್‌ನು ತನ್ನ ಮನೆಯ ಅಟ್ಟದಲ್ಲಿ ಸಿಕ್ಕಿದ ಪೂರ್ವಜನ ದಿನಚರಿಯನ್ನು ಓದಿ, ಪೂರ್ವಜನ ಟೊಪ್ಪಿಗೆಯನ್ನು ಧರಿಸಿ, ಅವನ ಕತ್ತಿಯನ್ನು ಹಿಡಿದು, ರಮ್ಮಿನ ಬಾಟಲಿಯನ್ನು ಪಕ್ಕದಲ್ಲಿಟ್ಟುಕೊಂಡು, ಶತಮಾನಗಳ ಹಿಂದಿನ ಕಡಲಯುದ್ಧವನ್ನು ಟಿನ್‌ಟಿನ್‌ನ ಮುಂದೆ ತನ್ನ ಕೋಣೆಯಲ್ಲಿಯೇ ಆಡಿ ತೋರಿಸುತ್ತಾನೆ. ಒಂದು ಚೌಕದಲ್ಲಿ ಕೋಣೆಯ ಕಪ್ತಾನ, ಮುಂದಿನ ಚೌಕದಲ್ಲಿ ಹಡಗಿನ ಪೂರ್ವಜ. ಇವನು ಎತ್ತಿದ ಕತ್ತಿಯನ್ನು ಅವನು ಇಳಿಸುತ್ತಾನೆ. ಕೊನೆಗೆ ಆವೇಶ ಮಿತಿಮೀರಿ, ಪೂರ್ವಜನ ತೈಲಚಿತ್ರವನ್ನು ಹರಿದುಕೊಂಡು ಕಪ್ತಾನನ ತಲೆ ಆ ಚೌಕಟ್ಟಿನಿಂದ ಹೊರಬರುತ್ತದೆ. ಚಲನಚಿತ್ರದಲ್ಲಿ ಕೋಣೆ ಹೋಗಿ ಮರುಭೂಮಿ ಬಂದಿದೆ. ಕುಡಿತ ಸಿಕ್ಕದೆ, ಬಿಸಿಲಿಗೆ ತಲೆ ತಿರುಗಿ, ಮರಳಿನ ದಿಬ್ಬದ ಮೇಲೆ ನಿಂತ ಕಪ್ತಾನನ ಕಣ್ಣೆದುರಿಗೆ ಆ ದಿಬ್ಬವೇ ಅಲೆಯಾಗಿ ಎದ್ದು, ಅಲೆಯ ಮೇಲೆ ಹಡಗು ಏರಿ ಬರುತ್ತದೆ. ಮೂಲದ ಒಂದು ಚೌಕವೂ ಇಲ್ಲಿ ಹಾಗೆಯೇ ಉಳಿದಿಲ್ಲ. ಆದರೂ ಇಡೀ ಚಿತ್ರದಲ್ಲಿ ಮೂಲಕ್ಕೆ ಅತ್ಯಂತ ನಿಷ್ಠವಾದ ಭಾಗ ಇದೇ ಎಂದು ನಾನು ಹೇಳುತ್ತೇನೆ. ಎರಡು ಚೌಕಗಳ ನಡುವಿನ ಬಿಳಿಯ ಓಣಿಯಲ್ಲಿ ಕಾಲವು ಶತಮಾನಗಳನ್ನೇ ಹಾರುತ್ತಿದ್ದುದನ್ನು ಗುರುತಿಸಿ, ಆ ಹಾರಿಕೆಗೆ ಸಮಾನವಾದ ಮತ್ತೊಂದನ್ನು ಚಲನಚಿತ್ರದ ಸಾಮಗ್ರಿಯಲ್ಲಿಯೇ ಹುಡುಕಿಕೊಂಡದ್ದು ಇಲ್ಲಿಯ ಜಾಣ್ಮೆ. ಹೆಣಗಳ ನಡುವೆ ಸಂಜಯನೊಡನೆ ನಡೆಯುತ್ತ, ದ್ರೋಣನ ಬಳಿ, ಕರ್ಣನ ಬಳಿ, ಶತ್ರುಪುತ್ರನಾದ ಅಭಿಮನ್ಯುವಿನ ಬಳಿಯೂ ನಿಂತು ಹಿಂದಿನದನ್ನು ನೆನೆಯುವ ರನ್ನನ ದುರ್ಯೋಧನನಿಗೆ ಆ ರಣರಂಗ ಏನೋ, ಈ ಕಪ್ತಾನನಿಗೆ ಆ ಮರಳುಗಾಡು ಅದು.

ಇದಕ್ಕೆ ವಿರುದ್ಧವಾದುದು ಬಾಗ್ಗರ್ ಪಟ್ಟಣದ ಬೆನ್ನಟ್ಟುವಿಕೆ. ಒಂದೆಡೆಯೂ ಕತ್ತರಿಸದೆ ಎರಡೂವರೆ ನಿಮಿಷದಷ್ಟು ಕಾಲ ಮೋಟಾರ್ ಸೈಕಲ್, ಗಿಡುಗ, ಅಣೆಕಟ್ಟಿನ ಪ್ರವಾಹ, ಜಾರಿ ಇಳಿಯುವ ಮನೆ ಎಲ್ಲವೂ ಒಂದರ ಹಿಂದೊಂದು ನುಗ್ಗುತ್ತವೆ. ತಂತ್ರಜ್ಞರು ಇದನ್ನು ಮಹಾಸಿದ್ಧಿಯೆಂದು ಹೊಗಳಿದ್ದಾರೆ, ನಾನೂ ಬಾಯಿ ತೆರೆದುಕೊಂಡೇ ನೋಡಿದೆನು. ಮುಗಿದ ಮೇಲೆ ನನ್ನದೆಂದು ಉಳಿದದ್ದು ಏನೂ ಇರಲಿಲ್ಲ. ಉಸಿರಾಡಲು ಓಣಿಯೇ ಇಲ್ಲದ ಊರು ಅದು.

ಕಾಮಿಕ್ಸಿನವರಿಗೆ ತಮ್ಮದೇ ಆದ ಒಂದು ಸಂಕೇತಭಾಷೆಯುಂಟು. ಎರ್ಜೆಯ ಪಾತ್ರಗಳು ಬೆದರಿದರೆ, ದಣಿದರೆ, ಬೆರಗಾದರೆ ತಲೆಯ ಸುತ್ತ ಹನಿಗಳು ಸಿಡಿಯುತ್ತವೆ. ಪೆಟ್ಟು ಬಿದ್ದರೆ ನಕ್ಷತ್ರಗಳು ಹಾರುತ್ತವೆ. ಕುಡಿದರೆ ನೆತ್ತಿಯ ಮೇಲೆ ಸುರುಳಿ ಸುತ್ತುತ್ತದೆ. ಈ ಹನಿಗಳು ಎಲ್ಲಿಯವು, ಬೆವರೋ ಭಾವವೋ ಎಂದು ಯಾವ ಮಗುವೂ ಕೇಳಿಲ್ಲ. ಈಗ ರನ್ನನ ಪ್ರಸಿದ್ಧವಾದ ಸನ್ನಿವೇಶವನ್ನು ನೆನೆಯಿರಿ: ವೈಶಂಪಾಯನ ಸರೋವರದ ನೀರಿನಲ್ಲಿ ಅಡಗಿದ ದುರ್ಯೋಧನನು ದಡದಲ್ಲಿ ನಿಂತ ಭೀಮನ ಗರ್ಜನೆಯನ್ನು ಕೇಳಿ ನೀರೊಳಗಿದ್ದುಕೊಂಡೇ ಬೆವರುತ್ತಾನೆ. ಸಾವಿರ ವರ್ಷಗಳಿಂದ ಕನ್ನಡಿಗರು ಮೆಚ್ಚುತ್ತ ಬಂದ ಈ ಬೆವರನ್ನು ವೇಟಾದ ಗಣಕಕ್ಕೆ ಒಪ್ಪಿಸಿದರೆ ಅದು ಏನು ಮಾಡೀತು? ನೀರಿನಲ್ಲಿ ಮುಳುಗಿದ ಮೈಯ ಮೇಲೆ ಬೆವರು ಕಾಣಿಸುವುದಿಲ್ಲ. ರೋಮರಂಧ್ರವನ್ನು ಎಷ್ಟು ನಿಖರವಾಗಿ ಕೊರೆದರೂ ಅದರಿಂದ ಹೊರಟ ಹನಿ ಕೊಳದ ನೀರಿನಲ್ಲಿ ಕೂಡಿಹೋಗುತ್ತದೆ. ವಾಸ್ತವಕ್ಕೆ ಎಷ್ಟು ಹತ್ತಿರ ಹೋದರೆ ಆ ಬೆವರಿನಿಂದ ಅಷ್ಟು ದೂರವಾದಂತೆ. ಆದರೆ ಎರ್ಜೆಯ ಕೈಗೆ ಅದನ್ನು ಕೊಟ್ಟಿದ್ದರೆ, ನೀಲಿಯ ನೀರು, ನೀರೊಳಗೆ ಒಂದು ಕಿರೀಟ, ಕಿರೀಟದ ಸುತ್ತ ಎಂಟು ಹನಿ ಎಂದು ಬರೆದು ಮುಗಿಸುತ್ತಿದ್ದನು. ನೋಡಿದ ಮಗುವೂ ಪಂಡಿತನೂ ಒಟ್ಟಿಗೆ ನಗುತ್ತಿದ್ದರು. ಹಳಗನ್ನಡದ ಕವಿಯೂ ಬ್ರಸೆಲ್ಸ್‌ನ ಚಿತ್ರಕಾರನೂ ಈ ಒಂದು ವಿಷಯದಲ್ಲಿ ಒಂದೇ ಮನೆಯವರು. ಇಬ್ಬರೂ ಕಂಡದ್ದನ್ನು ಬರೆಯದೆ, ತಿಳಿಯಬೇಕಾದುದನ್ನು ಬರೆಯುತ್ತಾರೆ. ಅನಿಮೇಷನ್ನಿಗೆ ಸಹಜವಾಗಿಯೇ ಈ ಶಕ್ತಿಯುಂಟು. ಅದನ್ನು ಕೈಬಿಟ್ಟು ಛಾಯಾಗ್ರಹಣದ ಬೆನ್ನು ಹತ್ತುವುದೇ ಇಂದಿನ ಅನೇಕ ರೂಪಾಂತರಗಳಲ್ಲಿ ನನಗೆ ಕಾಣುವ ದೋಷ.

ರಬಕವಿ ಬನಹಟ್ಟಿಯ ನೇಕಾರರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀರೆಯ ದಡಿಯ ಮೇಲೆ ಬರಬೇಕಾದ ಬಳ್ಳಿಯನ್ನು ಚಿತ್ರಗಾರನು ಬಾಗಾಗಿ ಬರೆದುಕೊಡುತ್ತಾನೆ. ಅದನ್ನು ಚೌಕಳಿಯ ಕಾಗದಕ್ಕೆ ಇಳಿಸುವವನು ಒಂದೊಂದು ಚೌಕವನ್ನೂ ಒಂದೊಂದು ಎಳೆಯೆಂದು ಎಣಿಸಿ ತುಂಬುತ್ತಾನೆ. ಆ ಲೆಕ್ಕದಂತೆ ಜಕಾರ್ಡ್ ಯಂತ್ರದ ರಟ್ಟಿಗೆ ತೂತು ಬೀಳುತ್ತದೆ. ಹಾಸು ಹೊಕ್ಕುಗಳ ಲೋಕದಲ್ಲಿ ಬಾಗು ಎಂಬುದಿಲ್ಲ, ಮೆಟ್ಟಿಲು ಮಾತ್ರ ಇದೆ. ಮೆಟ್ಟಿಲನ್ನು ಮರೆಮಾಚಲು ಹೆಣಗಿದ ಬಳ್ಳಿ ಮಂಕಾಗುತ್ತದೆ. ಮೆಟ್ಟಿಲನ್ನೇ ಚೆಂದ ಮಾಡಿದವನ ದಡಿಯನ್ನು ಹೆಂಗಸರು ದೂರದಿಂದ ಗುರುತಿಸುತ್ತಾರೆ.

ಚಿತ್ರವನ್ನು ಸಾಲಾಗಿ ಜೋಡಿಸಿ ಕಥೆ ಹೇಳುವ ಕಲೆ ನಮಗೆ ಯುರೋಪಿನಿಂದ ಬಂದ ಹೊಸತೆಂದು ಭಾವಿಸುವವರು ಇದೇ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲಿಗೆ ಹೋಗಿ ಪಾಪನಾಥ ದೇವಾಲಯದ ಹೊರಗೋಡೆಯನ್ನು ನೋಡಿ ಬರಬೇಕು. ಎಂಟನೆಯ ಶತಮಾನದ ಶಿಲ್ಪಿಗಳು ರಾಮಾಯಣವನ್ನು ಅಲ್ಲಿ ಸಾಲುಸಾಲಾಗಿ ಕೆತ್ತಿದ್ದಲ್ಲದೆ, ಇವನು ಇಂಥವನೆಂದು ಪಾತ್ರಗಳ ಹೆಸರನ್ನೂ ಪಕ್ಕದಲ್ಲಿಯೇ ಕೊರೆದಿದ್ದಾರೆ. ಇನ್ನು ಚಲಿಸುವ ಚಿತ್ರದ ಮಾತಾದರೆ, ಮಳೆ ಬಾರದ ವರ್ಷಗಳಲ್ಲಿ ಊರೂರಿಗೆ ಕರೆಯಿಸಿಕೊಳ್ಳುತ್ತಿದ್ದ ಶಿಳ್ಳೇಕ್ಯಾತರು ತೊಗಲಿನ ಮೇಲೆ ಬಣ್ಣದಲ್ಲಿ ಬರೆದ ಗೊಂಬೆಗಳನ್ನು ದೀಪದ ಮುಂದೆ ಆಡಿಸುತ್ತಿದ್ದರಷ್ಟೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರಿಗೆ ತೊಂಬತ್ತು ದಾಟಿದ ಮೇಲೆ 2025 ರಲ್ಲಿ ಪದ್ಮಶ್ರೀ ಬಂದಾಗ, ಈ ಕಲೆಯಿನ್ನೂ ಬದುಕಿದೆಯೆಂಬುದು ಪೇಟೆಯವರಿಗೆ ಹೊಸ ಸುದ್ದಿಯಾಯಿತು. ಉಳಿದಿರುವ ಪೂರ್ಣಾವಧಿ ಅನಿಮೇಷನ್ ಚಿತ್ರಗಳಲ್ಲಿ ಅತ್ಯಂತ ಹಳೆಯದಾದ, 1926 ರಲ್ಲಿ ಜರ್ಮನಿಯ ಲೊಟ್ಟೆ ರೈನಿಗರ್ ಎಂಬಾಕೆ ಮಾಡಿದ ರಾಜಕುಮಾರ ಅಹ್ಮದನ ಚಿತ್ರವು ಕಪ್ಪು ರಟ್ಟಿನಿಂದ ಕತ್ತರಿಸಿದ ಕೀಲುಗೊಂಬೆಗಳ ನೆರಳಾಟ. ಕಥೆ ಪೂರ್ವದ್ದು, ವಿಧಾನವೂ ಪೂರ್ವದೇಶಗಳ ತೊಗಲುಗೊಂಬೆಗೆ ಹತ್ತಿರದ್ದು. ಅದರಲ್ಲಿ ಮುಖವೆಂದರೆ ಒಂದು ಅಂಚು ಮಾತ್ರ. ಆ ಅಂಚಿನಿಂದಲೇ ಆಕೆ ಪ್ರೇಮವನ್ನೂ ಭಯವನ್ನೂ ತೋರಿಸಿದಳು.

ಜಮಖಂಡಿಯ ಪಟವರ್ಧನ ಸಂಸ್ಥಾನವು 1948 ರಲ್ಲಿ ಮುಂಬಯಿ ಪ್ರಾಂತಕ್ಕೂ 1956 ರಲ್ಲಿ ಮೈಸೂರು ರಾಜ್ಯಕ್ಕೂ ಸೇರಿದುದರಿಂದ, ಆ ಪೀಳಿಗೆಯ ಮಕ್ಕಳಲ್ಲಿ ಕೆಲವರಿಗೆ ಒಂದು ಅಪೂರ್ವವಾದ ಸೌಲಭ್ಯವಿದ್ದಿತು: ಕನ್ನಡದ ಚಂದಮಾಮವೂ ಮರಾಠಿಯ ಚಾಂದೋಬಾವೂ ಕೈಗೆ ಸಿಕ್ಕಿ, ಒಂದೇ ಚಿತ್ರದ ಕೆಳಗೆ ಎರಡು ಭಾಷೆಯ ಕಥೆಯನ್ನು ಓದಬಹುದಾಗಿತ್ತು. ಚಿತ್ರ ಕದಲದೆ ನಿಂತಿತ್ತು, ಮಾತು ಬದಲಾಗುತ್ತಿತ್ತು. ಚಿತ್ರಕಥೆಯ ಪುಸ್ತಕವೆಂಬುದು ಕನ್ನಡದಲ್ಲಿ ಬೇರೂರಿದ ಬಗೆಯಂತೂ ಇನ್ನೂ ಸ್ವಾರಸ್ಯವಾದುದು. ಅಮರ ಚಿತ್ರಕಥೆಯೆಂದೊಡನೆ ಕೃಷ್ಣನನ್ನೂ ಕರ್ಣನನ್ನೂ ನೆನೆಯುವ ನಾವು, ಆ ಮಾಲೆ 1965 ರಲ್ಲಿ ಬೆಂಗಳೂರಿನಲ್ಲಿ, ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ, ಕನ್ನಡದಲ್ಲಿಯೇ ಮೊದಲು ಹೊರಟಿತೆಂಬುದನ್ನೂ, ಮೊದಲ ಹತ್ತು ಸಂಚಿಕೆಗಳು ಸಿಂಡ್ರೆಲಾ ಮುಂತಾದ ಪಶ್ಚಿಮದ ಮಕ್ಕಳ ಕಥೆಗಳಾಗಿದ್ದುವೆಂಬುದನ್ನೂ ಮರೆತಿದ್ದೇವೆ. ಇಂಗ್ಲಿಷಿನ ಮಾಲೆ ಹನ್ನೊಂದನೆಯ ಸಂಖ್ಯೆಯ ಕೃಷ್ಣನಿಂದ ಆರಂಭವಾಗುವುದು ಇದೇ ಕಾರಣದಿಂದ. ಆ ಹತ್ತರ ಯಶಸ್ಸನ್ನು ಕಂಡು ಮುಂಬಯಿಯವರು ಹುರುಪುಗೊಂಡರು; ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು ಮಾಲೆಯನ್ನು ಪುರಾಣ ಇತಿಹಾಸಗಳ ಕಡೆಗೆ ತಿರುಗಿಸಿ ಮನೆಮನೆಗೆ ಮುಟ್ಟಿಸಿದರು. ಅಮರ ಚಿತ್ರಕಥೆಯ ಸಂಸ್ಥೆ 2012 ರಲ್ಲಿ ಲವಕುಶರ ಕಥೆಯನ್ನು ಅನಿಮೇಷನ್ ಚಿತ್ರವಾಗಿಯೂ ಮಾಡಿತು. ಅದರ ವಿಷಯ ಹೆಚ್ಚು ಹೇಳುವಂತಹದಿಲ್ಲ.

ಧ್ವನಿಯ ಮಾತನ್ನು ಬಿಟ್ಟರೆ ವಿಚಾರ ಅಪೂರ್ಣವಾದೀತು. ಪುಸ್ತಕದಲ್ಲಿ ಟಿನ್‌ಟಿನ್‌ಗೆ ಧ್ವನಿಯಿರಲಿಲ್ಲ. ಚಿತ್ರದಲ್ಲಿ ಆಂಗ್ಲ ಯುವಕನ ಧ್ವನಿ ಬಂದಿತು, ಹ್ಯಾಡಕ್‌ನು ಸ್ಕಾಟ್ಲೆಂಡಿನವನಂತೆ ಮಾತನಾಡಿದನು. ಒಬ್ಬರ ರೂಪಕ್ಕೆ ಇನ್ನೊಬ್ಬರ ಧ್ವನಿಯನ್ನು ಕೂಡಿಸುವ ಈ ಮಾಯೆಯಲ್ಲಿ ಬೀಳಗಿಗೆ ವಿಶೇಷವಾದ ಪಾಲಿದೆ. ಅಲ್ಲಿಯ ಅಮೀರ್‌ಬಾಯಿ ಕರ್ನಾಟಕಿಯವರು 1943 ರ ‘ಕಿಸ್ಮತ್’ ಚಿತ್ರದಲ್ಲಿ ನಾಯಕಿ ಮುಮ್ತಾಜ್ ಶಾಂತಿಗೆ ಹಾಡಿದಾಗ, ದೇಶದ ಮೂಲೆಮೂಲೆಯ ಪ್ರೇಕ್ಷಕರು ಆ ಮುಖಕ್ಕೆ ಆ ಧ್ವನಿಯೇ ಹುಟ್ಟಿನಿಂದ ಬಂದದ್ದೆಂದು ನಂಬಿದರು. ಹಾಗೆ ನಂಬಿಸಬಲ್ಲ ಧ್ವನಿ ದೊರೆಯುವವರೆಗೆ ಯಾವ ಬಾಲ್ಯದ ನಾಯಕನನ್ನೂ ಮಾತನಾಡಿಸಬಾರದು. ನಮ್ಮ ಭಾಷೆಯಲ್ಲಿ ಇನ್ನೂ ಒಂದು ಕಷ್ಟವಿದ್ದಿತು: ಪರಭಾಷೆಯ ಚಿತ್ರಗಳಿಗೆ ಕನ್ನಡದ ಧ್ವನಿ ಕೂಡಿಸಬಾರದೆಂಬ ಚಿತ್ರೋದ್ಯಮದ ಕಟ್ಟುಪಾಡು ದಶಕಗಳ ಕಾಲ ನಡೆದು, 2015 ರಲ್ಲಿ ಸ್ಪರ್ಧಾ ಆಯೋಗದ ತೀರ್ಪು ಬಂದ ಮೇಲೆ ಸಡಿಲಿತು. ಟಿನ್‌ಟಿನ್ ಬಂದದ್ದು ಅದಕ್ಕಿಂತ ಮುಂಚೆ.

ಕೃಷ್ಣಪಾರಿಜಾತದ ಆಟವನ್ನು ಬಲ್ಲವರಿಗೆ ರೂಪಾಂತರದ ಇನ್ನೊಂದು ಗುಟ್ಟೂ ತಿಳಿದಿರುತ್ತದೆ. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣನು ಜನರ ಬಾಯಿಗೆ ಹತ್ತುವಂತೆ ತಿದ್ದಿದನು. ಕೌಜಲಗಿ ನಿಂಗಮ್ಮನಂತಹ ಕಲಾವಿದೆಯರು ಅದನ್ನು ತಮ್ಮ ಕಂಠಕ್ಕೆ ಹೊಂದಿಸಿಕೊಂಡರು. ಅಲ್ಲಿ ಭಾಗವತನು ಕಥೆಯೊಳಗೂ ಇರುತ್ತಾನೆ, ಹೊರಗೂ ಇರುತ್ತಾನೆ. ಸತ್ಯಭಾಮೆಯನ್ನು ತಡೆದು ನಿಲ್ಲಿಸಿ ನೀನಾರಮ್ಮ ಎಂದು ಕೇಳುವ ಅಧಿಕಾರ ಅವನಿಗುಂಟು. ಗೊತ್ತಿರುವ ಕಥೆಯನ್ನು ಗೊತ್ತಿಲ್ಲದವನಂತೆ ಕೇಳುವ ಈ ಪಾತ್ರವಿರುವುದರಿಂದಲೇ ಬೆಳಗಿನ ಜಾವದವರೆಗೂ ಆಟ ಹಳತಾಗುವುದಿಲ್ಲ.

ನಮ್ಮ ಸರ್ಕಾರವು 2012 ರಲ್ಲಿಯೇ ಅನಿಮೇಷನ್ ಉದ್ಯಮಕ್ಕೆ ಪ್ರತ್ಯೇಕವಾದ ನೀತಿಯನ್ನು ರೂಪಿಸಿತು, 2024 ರಲ್ಲಿ ಅದನ್ನು ಹೊಸದಾಗಿ ಪ್ರಕಟಿಸಿತು. ಬೆಂಗಳೂರಿನ ತರುಣರು ಪರದೇಶದ ಚಿತ್ರಗಳಿಗಾಗಿ ಹಗಲಿರುಳು ದುಡಿಯುತ್ತಲೂ ಇದ್ದಾರೆ. ಅವರಲ್ಲಿ ಯಾರಾದರೊಬ್ಬರು ಗದಾಯುದ್ಧಕ್ಕೆ ಕೈ ಹಾಕುವ ದಿನ ಬಂದರೆ ನಾನು ಬೇಡಿಕೊಳ್ಳುವುದು ಸ್ವಲ್ಪವೇ. ದುರ್ಯೋಧನನ ಕೆನ್ನೆಗೆ ರೋಮರಂಧ್ರ ಬೇಡ. ತೊಗಲುಗೊಂಬೆಯ ಅಂಚೋ, ಪಾಪನಾಥದ ಗೋಡೆಯ ಚಪ್ಪಟೆತನವೋ ಸಾಕು. ಹದಿನೆಂಟು ದಿನದ ಯುದ್ಧವನ್ನು ತೋರಿಸಬೇಡಿ, ರನ್ನನು ತೋರಿಸಿಲ್ಲ. ಬಿ.ಎಂ. ಶ್ರೀಕಂಠಯ್ಯನವರು ರನ್ನನ ಪದ್ಯಗಳನ್ನೇ ಆಯ್ದು ಕತ್ತರಿಸಿ ಗದಾಯುದ್ಧ ನಾಟಕವನ್ನು ಕಟ್ಟಿದಾಗ ಭೀಮನ ಕಾವ್ಯವು ದುರ್ಯೋಧನನ ದುರಂತವಾಯಿತು; ಕತ್ತರಿಯೇ ಅಲ್ಲಿ ಕವಿ. ಯುರೋಪಿನ ಹಳೆಯ ಕೃತಿಯನ್ನು ಕನ್ನಡದ ಮಣ್ಣಿಗೆ ತರುವ ಕೆಲಸದಲ್ಲಿಯೂ ಅವರದೇ ಮೇಲ್ಪಂಕ್ತಿ: ಸೊಫೋಕ್ಲೀಸನ ಅಯಾಸನನ್ನು ಅವರು ‘ಅಶ್ವತ್ಥಾಮನ್’ ಮಾಡಿದ್ದು, ವೇಷಭೂಷಣವನ್ನು ಮಾತ್ರ ಬದಲಿಸಿದ್ದಾಗಿರಲಿಲ್ಲ, ಕೋಪದ ಕುಲವನ್ನೇ ಬದಲಿಸಿದ್ದು.

ಉಳಿದದ್ದು ಸಂಭಾಷಣೆ. ವೈಶಂಪಾಯನದ ದಡದಲ್ಲಿ ಭೀಮನಿಗಿರುವ ಕೆಲಸ ಒಂದೇ, ಬೈದು ಬೈದು ಶತ್ರುವನ್ನು ನೀರಿನಿಂದ ಹೊರಗೆಳೆಯುವುದು. ಹ್ಯಾಡಕ್‌ನ ವಿದ್ಯೆಯೂ ಇದೇ. ಸಂತೆಯ ಜಗಳವೊಂದರಲ್ಲಿ ವ್ಯಾಪಾರಿಯೊಬ್ಬನು, ಆಗ ಪತ್ರಿಕೆಗಳಲ್ಲಿ ಬರುತ್ತಿದ್ದ ನಾಲ್ಕು ರಾಷ್ಟ್ರಗಳ ಒಪ್ಪಂದದ ಹೆಸರನ್ನೇ ಬೈಗುಳವನ್ನಾಗಿ ಎದುರಾಳಿಯ ಮೇಲೆ ಎಸೆದುದನ್ನು ಎರ್ಜೆ ಕೇಳಿದ್ದನಂತೆ. ಅಶ್ಲೀಲದ ಹಂಗಿಲ್ಲದೆಯೂ ಘನವಾದ ಶಬ್ದವಿದ್ದರೆ ಪೆಟ್ಟು ಬೀಳುತ್ತದೆಂದು ಅಲ್ಲಿಂದ ಕಲಿತು, ಕಪ್ತಾನನ ಬಾಯಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಇತಿಹಾಸಗಳ ಪದಗಳನ್ನೆಲ್ಲ ಬೈಗುಳವಾಗಿ ಹೊರಡಿಸಿದನು. ನಮ್ಮ ಚಿತ್ರಕಥೆಗಾರನು ಭೀಮನಿಗೆ ನಿಘಂಟಿನ ಕನ್ನಡವನ್ನೋ ಧಾರಾವಾಹಿಯ ಕನ್ನಡವನ್ನೋ ಕೊಡುವ ಮೊದಲು, ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳ ಜಮಖಂಡಿಗಳ ಕಡೆ ಬಂದು, ಕಾರ್ಖಾನೆಯ ಬಾಗಿಲಿನಿಂದ ಹಿಂದಕ್ಕೆ ಮೈಲುಗಟ್ಟಲೆ ನಿಂತ ಟ್ರ್ಯಾಕ್ಟರುಗಳ ಸಾಲಿನಲ್ಲಿ ಒಂದು ರಾತ್ರಿ ಕುಳಿತುಕೊಳ್ಳಲಿ. ಸರತಿ ತಪ್ಪಿಸಿ ನುಗ್ಗಿದವನನ್ನು ಗಾಡಿಯಿಂದ ಕೆಳಗಿಳಿಸಲು ಅಲ್ಲಿ ಹೊರಡುವ ‘ಇಳದ ಬಾರಲೇ’ಯಿಂದ ಮೊದಲ್ಗೊಂಡು ಮುಂದಿನದೆಲ್ಲವನ್ನೂ ಬರೆದುಕೊಂಡರೆ ಭೀಮನ ಮಾತಿನ ಅರ್ಧ ಸಿದ್ಧವಾದಂತೆಯೇ, ಉಳಿದರ್ಧ ಮಕ್ಕಳ ಕಿವಿಗೆ ತಕ್ಕದ್ದಲ್ಲವಾದ್ದರಿಂದ ಅಷ್ಟಕ್ಕೆ ಮಾತ್ರ ಎರ್ಜೆಯ ಶಿಷ್ಯತ್ವವನ್ನು ಮಾಡಬೇಕಾದೀತು.